ವೈನ್ ರುಚಿ ಕಲಿಯಲು ಮನೆಯೋ, ಅಕ್ಲೂಜಿನ ತೋಟವೋ?

ಸೊಲ್ಲಾಪುರದಲ್ಲಿದ್ದು ವೈನ್ ರುಚಿ ನೋಡುವುದನ್ನು ಕಲಿಯಬೇಕು ಅನ್ನುವವರಿಗೆ ಎರಡು ದಾರಿ ಇವೆ. ಮನೆಯಲ್ಲೇ ಎರಡು ಬಾಟಲಿ ಇಟ್ಟುಕೊಂಡು ಕೂರುವುದು ಒಂದು. ನಮ್ಮ ಜಿಲ್ಲೆಯದೇ ಆದ ಅಕ್ಲೂಜ್ ಕಡೆಯ ಫ್ರಾಟೆಲ್ಲಿ ಅನ್ನುವ ವೈನ್ ಕಂಪನಿಯ ದ್ರಾಕ್ಷಿ ತೋಟಕ್ಕೆ ಹೋಗುವುದು ಇನ್ನೊಂದು.

ತೋಟದಲ್ಲಿ ಬಳ್ಳಿ, ಪೀಪಾಯಿ ಎಲ್ಲ ಕಣ್ಣಾರೆ ನೋಡಬಹುದು, ಕೇಳಿದ್ದಕ್ಕೆ ಉತ್ತರವೂ ಸಿಗುತ್ತದೆ. ಆದರೆ ಒಂದೇ ಸಲಕ್ಕೆ ನಾಲ್ಕೈದು ವೈನ್ ಬಂದರೆ ಹೊಸ ನಾಲಿಗೆ ದಣಿಯುತ್ತದೆ. ಗಾಡಿ ಓಡಿಸುವವರಂತೂ ಕುಡಿಯಲೇಬಾರದು.

ಮೊದಲ ಪಾಠಕ್ಕೆ ಮನೆಯೇ ಮೇಲು ಅಂತ ನನಗನಿಸುತ್ತದೆ. ಬಿಳಿ ವೈನ್ ಆದ ಸೊವಿನ್ಯೋನ್ ಬ್ಲಾಂಕ್ ಒಂದು, ಕೆಂಪು ವೈನ್ ಆದ ಶಿರಾಜ್ ಒಂದು ಸಾಕು. ಗ್ಲಾಸಿಗೆ ಕಾಲು ಭಾಗ ಮಾತ್ರ ಸುರಿದು, ಮೆಲ್ಲಗೆ ತಿರುಗಿಸಿ, ಮೊದಲು ಮೂಸಿ ನೋಡಿ. ಬಿಳಿಯದರಲ್ಲಿ ಪೇರಲ ಹಣ್ಣಿನ ಪರಿಮಳ ಸಿಗಬಹುದು, ಶಿರಾಜಿನಲ್ಲಿ ಕರಿಮೆಣಸಿನದು. ಆಮೇಲೆ ಒಂದು ಗುಟುಕು ಬಾಯಲ್ಲಿ ಆಡಿಸಿ. ಬಾಯಲ್ಲಿ ನೀರೂರಿದರೆ ಅದು ಹುಳಿ. ನೇರಳೆ ಹಣ್ಣು ತಿಂದ ಹಾಗೆ ಒಸಡು ಬಿಗಿದರೆ ಅದು ಟ್ಯಾನಿನ್, ಅಂದರೆ ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಒಗರು. ಅಕ್ಕಪಕ್ಕ ಇಟ್ಟಾಗ ತಾನೇ ಈ ವ್ಯತ್ಯಾಸ ತಿಳಿಯುವುದು, ಅಲ್ವಾ?

ಕೆಂಪು ವೈನನ್ನು ತಣ್ಣಗೆ ಮಾಡಬಾರದು ಅನ್ನುವ ಮಾತು ನಮ್ಮ ಏಪ್ರಿಲ್ ಸೆಕೆಗೆ ಹೊಂದುವುದಿಲ್ಲ. ಅದಕ್ಕೆ 16ರಿಂದ 18 ಡಿಗ್ರಿ ಬೇಕು. ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಬಿಳಿಯದು ಇನ್ನೂ ಜಾಸ್ತಿ ತಣ್ಣಗಿರಲಿ. ಶೇಂಗಾ ಚಟ್ನಿಯನ್ನು ಆ ಹೊತ್ತಿಗೆ ದೂರ ಇಡಿ, ಖಾರಕ್ಕೆ ವೈನಿನ ರುಚಿ ಮುಚ್ಚಿಹೋಗುತ್ತದೆ.

ತೋಟಕ್ಕೆ ಆಮೇಲೆ ಹೋಗಿ, ಜನವರಿ ಅಥವಾ ಫೆಬ್ರವರಿಯಲ್ಲಿ. ಆಗ ಕೊಯ್ಲಿನ ಕಾಲ. ಮೊದಲೇ ಫೋನ್ ಮಾಡಿಕೊಳ್ಳಿ.