ಸೀಳುನಾಯಿಯ ಹಿಕ್ಕೆಗೆ ಉಪ್ಪುನೀರೋ, ಸಕ್ಕರೆ ಪಾಕವೋ?

ಬಂಡೀಪುರದ ಕಾಡುದಾರಿಗಳು ಕೂಡುವ ಕಡೆ ಸೀಳುನಾಯಿಗಳು ಗುಂಪಾಗಿ ಬಂದು ಹಿಕ್ಕೆ ಹಾಕುತ್ತವೆ. ಪ್ರಾಣಿಯನ್ನು ಹಿಡಿಯದೆ, ಹಿಕ್ಕೆಯಲ್ಲಿ ಬರುವ ಮೊಟ್ಟೆಗಳಿಂದಲೇ ಅದರ ಹೊಟ್ಟೆಯ ಜಂತುಹುಳುಗಳನ್ನು ತಿಳಿಯಲು ಇದಕ್ಕಿಂತ ಸಲೀಸು ದಾರಿಯಿಲ್ಲ. ಅನುಮತಿ ಇದಕ್ಕೂ ಬೇಕು ಅನ್ನಿ. ಹಿಕ್ಕೆ ಬೆಳಗಿನದೇ ಆಗಿರಬೇಕು. ಒಂದೆರಡು ದಿನ ಬಿಟ್ಟರೆ ಕೊಕ್ಕೆಹುಳುವಿನ ಮೊಟ್ಟೆ ಒಡೆದು ಮರಿ ಹೊರಬಂದಿರುತ್ತದೆ, ಮಣ್ಣಿನ ಹುಳುಗಳೂ ಸೇರಿಕೊಂಡು ತಲೆ ಕೆಡಿಸುತ್ತವೆ.

ಮೊದಲು ಮಾಡಿದ್ದು ನೇರ ಸ್ಮಿಯರ್, ಅಂದರೆ ಹಿಕ್ಕೆಯನ್ನು ಗಾಜಿನ ಮೇಲೆ ಸವರಿ ಹಾಗೆಯೇ ಮೈಕ್ರೋಸ್ಕೋಪಿನಲ್ಲಿ ನೋಡುವುದು. ಕಡ್ಡಿ ತುದಿಯಷ್ಟು ಹಿಕ್ಕೆ, ಒಂದು ಹನಿ ಸಲೈನ್ (ತೆಳು ಉಪ್ಪುನೀರು), ಎರಡು ನಿಮಿಷದ ಕೆಲಸ. ಕಂಡದ್ದು ಬರೀ ಜಿಂಕೆಯ ಕೂದಲು. ವಾರದೊಳಗೆ ಬಿಟ್ಟೆ.

ಇನ್ನೊಂದು ದಾರಿ ತೇಲಿಸುವುದು: ಮೊಟ್ಟೆಗಿಂತ ಸಾಂದ್ರವಾದ ದ್ರವದಲ್ಲಿ ಹಿಕ್ಕೆ ಕದಡಿದರೆ ಮೊಟ್ಟೆ ಮೇಲೆ ತೇಲುತ್ತದೆ. ಅಲ್ಲಿ ನಿಜವಾದ ಪೈಪೋಟಿ ಇದ್ದದ್ದು ಉಪ್ಪಿಗೂ ಸಕ್ಕರೆಗೂ. ಉಪ್ಪು ಕರಗದೆ ತಳದಲ್ಲಿ ಉಳಿಯುವಷ್ಟು ಹಾಕಿದ ನೀರಿನ ಸಾಪೇಕ್ಷ ಸಾಂದ್ರತೆ (ಬರೀ ನೀರಿನದು 1 ಎಂದಾಗ) ಸುಮಾರು 1.20. ಖರ್ಚಿಲ್ಲ, ಹದಿನೈದು ನಿಮಿಷದಲ್ಲಿ ಕೊಕ್ಕೆಹುಳು, ದುಂಡುಹುಳುಗಳ ಮೊಟ್ಟೆ ಮೇಲೆ ಬರುತ್ತವೆ. ಆದರೆ ಸ್ಲೈಡನ್ನು ಕೂಡಲೇ ನೋಡಬೇಕು. ಟೀ ಕುಡಿದು ಬರುವಷ್ಟರಲ್ಲಿ ಮೇಲೆ ಮುಚ್ಚಿದ ತೆಳು ಗಾಜಿನ, ಅಂದರೆ ಕವರ್‌ಸ್ಲಿಪ್ಪಿನ ಅಂಚಿನಿಂದ ಹರಳು ಕಟ್ಟಿ, ಮೊಟ್ಟೆಗಳು ಸುಕ್ಕಾಗಿರುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಲಾಡಿಹುಳುವಿನದು. ಟೀನಿಯಾ ಎಂಬ ಲಾಡಿಹುಳುವಿನ ಮೊಟ್ಟೆಯ ಸಾಂದ್ರತೆಯೇ ಸುಮಾರು 1.22, ಉಪ್ಪುನೀರಿಗೆ ಅದನ್ನು ಎತ್ತುವ ಶಕ್ತಿಯಿಲ್ಲ.

ಸಕ್ಕರೆ ಪಾಕ ಎತ್ತುತ್ತದೆ. 355 ಮಿ.ಲೀ. ನೀರಿಗೆ 454 ಗ್ರಾಂ ಸಕ್ಕರೆ, ಬೂಷ್ಟು ಹಿಡಿಯದಂತೆ ಚೂರು ಫಾರ್ಮಲಿನ್; ಸಾಂದ್ರತೆ 1.27ರ ಹತ್ತಿರ. ಮಂದವಾದ್ದರಿಂದ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರ್ರನೆ ತಿರುಗಿಸಲೇಬೇಕು, ಸುಮ್ಮನೆ ಇಟ್ಟರೆ ಮೊಟ್ಟೆ ಮೇಲೇರಲು ಹೊತ್ತು ಹಿಡಿಯುತ್ತದೆ. ಕೈ, ಮೇಜು, ಮೈಕ್ರೋಸ್ಕೋಪಿನ ಗುಂಡಿ ಎಲ್ಲ ಅಂಟಂಟು. ಫಾರ್ಮಲಿನ್ ಹಾಕದೆ ಕಲಸಿಟ್ಟ ಮೊದಲ ದಿನವೇ ಕ್ಯಾಂಪಿನ ವಾಚರ್ ಕೂಗಿದ: "ಸಾರ್, ನಿಮ್ ಪಾಕಕ್ಕೆ ಇರುವೆ ಮುತ್ಕೊಂಡವೆ!" ಆದರೂ ಅದೇ ಹಿಕ್ಕೆ ಉಪ್ಪಿನಲ್ಲಿ ಖಾಲಿ ಎನಿಸಿದ್ದು, ಪಾಕದಲ್ಲಿ ಸೈಕಲ್ ಚಕ್ರದ ಕಡ್ಡಿಗಳಂಥ ಗೆರೆಯಿರುವ ದಪ್ಪ ಗೋಡೆಯ ಕಂದು ಮೊಟ್ಟೆಗಳನ್ನು ತೋರಿಸಿತು. ನನ್ನ ವೋಟು ಪಾಕಕ್ಕೇ. ಚಪ್ಪಟೆಹುಳುವಿನ ಮುಚ್ಚಳವಿರುವ ಮೊಟ್ಟೆಗಳು ಮಾತ್ರ ಇದಕ್ಕೂ ಬಗ್ಗವು. ಉಳಿದ ಹಿಕ್ಕೆಯನ್ನು ನೀರಿನಲ್ಲಿ ಮೂರು ಸಲ ತಿಳಿ ಬಸಿದು, ತಳದ ಗಷ್ಟನ್ನು ನೋಡುತ್ತೇನೆ.

ಆ ಕಂದು ಮೊಟ್ಟೆ ಟೀನಿಯಾದ್ದೋ, ಮನುಷ್ಯರ ಯಕೃತ್ತಿನಲ್ಲಿ ನೀರುಗಡ್ಡೆ ಕಟ್ಟಿಸುವ ಎಕಿನೊಕಾಕಸ್ ಎಂಬ ಇನ್ನೊಂದು ಲಾಡಿಹುಳುವಿನದ್ದೋ ಎಂದು ಕಣ್ಣು ಹೇಳಲಾರದು. ಅಲ್ಲಿ ಡಿಎನ್‌ಎ ನೋಡಿ ಗುರುತಿಸುವ ಪಿಸಿಆರ್ ಪರೀಕ್ಷೆಯೊಂದೇ ಗತಿ. ದುಬಾರಿ, ಮೇಲಾಗಿ ಹಿಕ್ಕೆಯಲ್ಲಿರುವ ಏನೇನೋ ಸೇರಿ ಪರೀಕ್ಷೆಯನ್ನೇ ಕೆಡಿಸುವುದುಂಟು. ಪಿಸಿಆರ್‌ಗೆ ಹೋಗುವ ಮಾದರಿಯನ್ನು ಮುಟ್ಟುವ ಮೊದಲು ಮೈನಸ್ 80 ಡಿಗ್ರಿಯಲ್ಲಿ ಒಂದು ವಾರ ಇಡುತ್ತೇನೆ. ಮಾಮೂಲಿ ಫ್ರೀಜರಿನ ಚಳಿಗೆ ಈ ಮೊಟ್ಟೆ ಸಾಯುವುದಿಲ್ಲ. ಹೀಗಾಗಿ ಆ ಚಳಿಯಲ್ಲಿ ಇಡದೆ ಪಾಕಕ್ಕೆ ಹೋಗುವ ಹಸಿ ಭಾಗವನ್ನು ಗ್ಲೌಸ್, ಮಾಸ್ಕ್ ಇಲ್ಲದೆ ತೆರೆಯುವುದಿಲ್ಲ.

ಯಾವ ವಿಧಾನವೂ ಬಿಡಿಸದ ಒಂದು ಗಂಟು ಉಳಿಯುತ್ತದೆ. ಸೀಳುನಾಯಿ ಜಿಂಕೆಯ ಕರುಳನ್ನೂ ತಿನ್ನುತ್ತದೆ, ಜಿಂಕೆಯ ಹುಳುವಿನ ಮೊಟ್ಟೆಗಳು ಇದರ ಹಿಕ್ಕೆಯಲ್ಲಿ ಹಾದುಹೋಗುತ್ತವೆ. ನೋಡಲು ಥೇಟ್ ಕೊಕ್ಕೆಹುಳುವಿನ ಮೊಟ್ಟೆಯಂತೆಯೇ, ಸಾಮಾನ್ಯವಾಗಿ ತುಸು ದೊಡ್ಡವು. ನಾಯಿಯ ಕೊಕ್ಕೆಹುಳುವಿನ ಮೊಟ್ಟೆ ಸುಮಾರು 55ರಿಂದ 75 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಉದ್ದ, ಅಳೆಯದೆ ಬರೆಯಬಾರದು. ನನ್ನ ಮೊದಲ ತಿಂಗಳ ನೋಟ್‌ಬುಕ್ಕಿನಲ್ಲಿ 'ಕೊಕ್ಕೆಹುಳು' ಎಂದಿರುವ ಕಡೆಯೆಲ್ಲ ಈಗ ಪೆನ್ಸಿಲ್ಲಿನ ಪ್ರಶ್ನೆ ಚಿಹ್ನೆಗಳಿವೆ.