ಶಿರಸಿಯಲ್ಲಿ ಕೂತು ಫ್ರೆಂಚ್ ಓದುವ ಮಗುವಿಗೆ ಯಾವ ಇ-ಗ್ರಂಥಾಲಯ?

ಲಿಯಾನ್, ತುಲೂಸ್ ಅಥವಾ ಮಾಂಟ್ರಿಯಲ್‌ನಲ್ಲಿ ಒಂದೆರಡು ವರ್ಷ ಶಾಲೆಗೆ ಹೋಗಿ ಶಿರಸಿ, ಕುಮಟಾ, ಕಾರವಾರದ ಕಡೆ ಮರಳಿ ಬಂದ ಮಕ್ಕಳಲ್ಲಿ ಫ್ರೆಂಚ್ ಮಾತಿಗಿಂತ ಮೊದಲು ಕೈತಪ್ಪುವುದು ಫ್ರೆಂಚ್ ಓದು. ಹಳೆಯ ಗೆಳೆಯರ ಜೊತೆ ವಿಡಿಯೋ ಕಾಲ್ ಇರುವಷ್ಟು ದಿನ ಮಾತು ಉಳಿಯುತ್ತದೆ. ಓದು ಉಳಿಯಬೇಕಾದರೆ ವಾರವಾರವೂ ಹೊಸ ಪುಸ್ತಕ ಬೇಕು. ಅದನ್ನು ಅಂಚೆಯಲ್ಲಿ ತರಿಸುತ್ತ ಹೋಗುವುದು ಯಾರಿಗೂ ಪೂರೈಸುವಂಥದ್ದಲ್ಲ. ಉಳಿದ ದಾರಿ ಇ-ಗ್ರಂಥಾಲಯ. ಆದರೆ ಅಲ್ಲೂ ಒಂದು ತೊಡಕಿದೆ: ಫ್ರೆಂಚ್ ಇ-ಪುಸ್ತಕ ಎರವಲು ಕೊಡುವ ಗ್ರಂಥಾಲಯಗಳು ತಮ್ಮ ಊರಿನವರಿಗಾಗಿ ಇರುವಂಥವು, ಅವುಗಳ ಲೆಕ್ಕದಲ್ಲಿ ನಾವು ಪರದೇಶದವರು.

ಇಲ್ಲಿ ಐದು ದಾರಿಗಳನ್ನು ಬಳಸಿ ನೋಡಿ ಹೋಲಿಸಿದ್ದೇವೆ. ನೋಡಿದ ಅಂಶ ಮೂರು: ಕಾರ್ಡ್ ಅಥವಾ ಖಾತೆ ನಮಗೆ ಸಿಗುತ್ತದೆಯೇ, ಕರೆಂಟು-ನೆಟ್‌ವರ್ಕ್ ಹೋದಾಗಲೂ ಪುಸ್ತಕ ತೆರೆಯುತ್ತದೆಯೇ, ಆ ವಯಸ್ಸಿನ ಮಗುವಿಗೆ ಓದುವಂಥದ್ದು ಇದೆಯೇ. ತೀರ್ಮಾನ ಮೊದಲೇ ಹೇಳುವುದಾದರೆ, ಎಂಟು ವರ್ಷದೊಳಗಿನವರಿಗೆ ಸ್ಟೋರಿವೀವರ್ ಎಂಬ ಉಚಿತ ಮಕ್ಕಳ ಕತೆಗಳ ತಾಣ ಸಾಕು. ಅದಕ್ಕಿಂತ ದೊಡ್ಡವರಿಗೆ ಬಿಟ್ಟು ಬಂದ ಊರಿನ ಗ್ರಂಥಾಲಯದ ಕಾರ್ಡಿಗೆ ಸಮನಾದದ್ದು ಬೇರೊಂದಿಲ್ಲ. ಹಾಗಾಗಿ ಇನ್ನೂ ಹೊರಡದವರು ಆ ಭಾಗವನ್ನು ಮೊದಲು ಓದಿ.

ಹಳೆಯ ಊರಿನ ಕಾರ್ಡ್: ಫ್ರಾನ್ಸ್

ಫ್ರಾನ್ಸಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಇ-ಪುಸ್ತಕದ ಎರವಲು ಬಹುಮಟ್ಟಿಗೆ ಪಿಎನ್‌ಬಿ (ಗ್ರಂಥಾಲಯದ ಡಿಜಿಟಲ್ ಎರವಲು ಎಂಬರ್ಥದ ಫ್ರೆಂಚ್ ಹೆಸರಿನ ಮೊದಲಕ್ಷರಗಳು) ಎಂಬ ವ್ಯವಸ್ಥೆಯಲ್ಲಿ ನಡೆಯುತ್ತದೆ. ಪ್ರಕಾಶಕರು ಒಂದೊಂದು ಪುಸ್ತಕವನ್ನೂ ಇಂತಿಷ್ಟು ಎರವಲಿಗೆ ಎಂದು ಎಣಿಸಿ ಗ್ರಂಥಾಲಯಕ್ಕೆ ಮಾರುತ್ತಾರೆ. ಆ ಎಣಿಕೆ ಮುಗಿದರೆ ಗ್ರಂಥಾಲಯ ಮತ್ತೆ ಹಣ ಕೊಡಬೇಕು. ಕಾರ್ಡಿಗೆ ವಿಳಾಸದ ಪುರಾವೆ ಕೇಳುವುದು, ತಿಂಗಳಿಗೆ ಇಷ್ಟೇ ಪುಸ್ತಕ ಎಂದು ಮಿತಿ ಹಾಕುವುದು ಇದರಿಂದಲೇ. ಒಮ್ಮೆ ಕಾರ್ಡ್ ಚಾಲ್ತಿಯಲ್ಲಿದ್ದರೆ, ಜಾಲತಾಣಕ್ಕೆ ಲಾಗಿನ್ ಆಗಿ ಪುಸ್ತಕ ತೆಗೆದುಕೊಳ್ಳುವ ಕೆಲಸ ಶಿರಸಿಯಿಂದಲೂ ಆಗುತ್ತದೆ.

ಹೆಚ್ಚಿನವರು ಸೋತು ಬಿಡುವುದು ಡೌನ್‌ಲೋಡ್ ಹಂತದಲ್ಲಿ. ಎರವಲು ಬಟನ್ ಒತ್ತಿದ ಮೇಲೆ ಇಳಿಯುವ ಕಡತ ಕೆಲವೇ ಕೆಬಿ ಇರುತ್ತದೆ. ಹೆಸರಿನ ಕೊನೆಯಲ್ಲಿ ಎಲ್‌ಸಿಪಿಎಲ್ (.lcpl) ಅಥವಾ ಎಸಿಎಸ್‌ಎಂ (.acsm) ಎಂದಿರುತ್ತದೆ. ಅದು ರೇಷನ್ ಚೀಟಿ, ಅಕ್ಕಿಯಲ್ಲ. ಅದನ್ನೇ ಪೆನ್‌ಡ್ರೈವ್‌ಗೆ ಹಾಕಿ ತೋಟದ ಮನೆಗೆ ಒಯ್ದರೆ ಅಲ್ಲಿ ಪುಸ್ತಕ ತೆರೆಯುವುದಿಲ್ಲ. ನೆಟ್ ಇರುವಾಗಲೇ ಅದನ್ನು ಸರಿಯಾದ ಆಪ್‌ನಲ್ಲಿ ತೆರೆಯಬೇಕು. ಆಗ ಆಪ್ ನಿಜವಾದ ಪುಸ್ತಕವನ್ನು ಇಳಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅವಧಿ ಮುಗಿಯುವ ತನಕ ನೆಟ್ ಬೇಡ.

ಎಲ್‌ಸಿಪಿಎಲ್ ಕಡತಕ್ಕೆ ಕಂಪ್ಯೂಟರಿನಲ್ಲಿ ಥೋರಿಯಮ್ ರೀಡರ್ ಹಾಕಿಕೊಳ್ಳಿ. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮೊದಲ ಪುಸ್ತಕಕ್ಕೆ ಅದು ಒಂದು ಗುಪ್ತಪದ ಕೇಳುತ್ತದೆ. ಇದು ಯಾವಾಗಲೂ ಗ್ರಂಥಾಲಯದ ಲಾಗಿನ್ ಪಾಸ್‌ವರ್ಡ್ ಆಗಿರುವುದಿಲ್ಲ. ಗ್ರಂಥಾಲಯದ ಪುಟದಲ್ಲಿ ನಿಮ್ಮ ಎರವಲಿನ ಪಕ್ಕದಲ್ಲೋ, ಅವರು ಕಳಿಸಿದ ಇ-ಮೇಲ್‌ನಲ್ಲೋ ಅದರ ಸುಳಿವು ಇರುತ್ತದೆ. ಒಮ್ಮೆ ಕೊಟ್ಟರೆ ಅದೇ ಗುಪ್ತಪದದ ಮುಂದಿನ ಪುಸ್ತಕಗಳಿಗೆ ಮತ್ತೆ ಕೇಳುವುದಿಲ್ಲ. ಎಸಿಎಸ್‌ಎಂ ಕಡತವಾದರೆ ಅಡೋಬಿ ಡಿಜಿಟಲ್ ಎಡಿಷನ್ಸ್ ಬೇಕು. ಅಲ್ಲಿ ಮೊದಲು ಒಂದು ಅಡೋಬಿ ಖಾತೆ ಮಾಡಿಕೊಂಡು ಕಂಪ್ಯೂಟರ್, ಟ್ಯಾಬ್ಲೆಟ್ ಎರಡನ್ನೂ ಅದೇ ಖಾತೆಗೆ ಜೋಡಿಸಿ. ಖಾತೆ ಇಲ್ಲದೆ ಮುಂದುವರಿಯುವ ಆಯ್ಕೆಯೂ ಅಲ್ಲಿದೆ, ಅದನ್ನು ಒತ್ತಬೇಡಿ. ಒತ್ತಿದರೆ ಪುಸ್ತಕ ಆ ಒಂದು ಯಂತ್ರಕ್ಕೇ ಅಂಟಿಕೊಳ್ಳುತ್ತದೆ. ಎರಡು ಬಗೆಯೂ ಲಭ್ಯವಿದ್ದಲ್ಲಿ ಎಲ್‌ಸಿಪಿ, ಅಂದರೆ ಎಲ್‌ಸಿಪಿಎಲ್ ಕಡತದ ಬಗೆ ಆರಿಸಿ, ತಲೆನೋವು ಕಡಿಮೆ. ಕಿಂಡಲ್‌ನಲ್ಲಿ ಇವೆರಡೂ ತೆರೆಯುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ನಮ್ಮ ಕಡೆ ಮಳೆಗಾಲದಲ್ಲಿ ಕಾಡುವಂಥದ್ದು. ಹಳೆಯ ಟ್ಯಾಬ್ಲೆಟ್ ಚಾರ್ಜ್ ಪೂರ್ತಿ ಮುಗಿದು ಮತ್ತೆ ಆನ್ ಆದಾಗ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರಬಹುದು. ಎರವಲಿನ ಅವಧಿಯನ್ನು ಆಪ್ ಲೆಕ್ಕ ಹಾಕುವುದು ಯಂತ್ರದ ಗಡಿಯಾರ ನೋಡಿ. ದಿನಾಂಕ ತಪ್ಪಿದ್ದರೆ ನಿನ್ನೆ ತೆರೆದ ಪುಸ್ತಕ ಇವತ್ತು ತೆರೆಯುವುದಿಲ್ಲ. ಅಳಿಸಿ ಮತ್ತೆ ಇಳಿಸಲು ಹೋಗುವ ಮೊದಲು ದಿನಾಂಕ ಸರಿಮಾಡಿ ನೋಡಿ.

ಹಳೆಯ ಊರಿನ ಕಾರ್ಡ್: ಕೆನಡಾ

ಕ್ವಿಬೆಕ್‌ನಿಂದ ಬಂದವರಿಗೆ ಬಿಎಎನ್‌ಕ್ಯೂ, ಅಂದರೆ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಖಾತೆ ಪರಿಚಿತವೇ. ಸದಸ್ಯತ್ವ ಉಚಿತ, ಆದರೆ ಕ್ವಿಬೆಕ್ ನಿವಾಸಿಗಳಿಗೆ ಮಾತ್ರ. ಅವರ ಎರವಲು ನಡೆಯುವುದು ಪ್ರೆ ನ್ಯುಮೆರಿಕ್ ವೇದಿಕೆಯಲ್ಲಿ. ಫ್ರೆಂಚ್ ಮಕ್ಕಳ ಪುಸ್ತಕದ ಆಳ ನೋಡಿದರೆ ಈ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ. ಮೊದಲ ತರಗತಿಯ ಮಗುವಿನಿಂದ ಹದಿಹರೆಯದವರವರೆಗೆ ಈಗಿನ ಲೇಖಕರು ಸಿಗುತ್ತಾರೆ. ಖಾತೆಯ ಅವಧಿ ಮುಗಿದಾಗ ವಿಳಾಸ ಕೇಳಿದರೆ ಸುಳ್ಳು ವಿಳಾಸ ಕೊಡಬೇಡಿ. ಅದು ಅಲ್ಲಿನ ತೆರಿಗೆದಾರರ ದುಡ್ಡಿನ ಪುಸ್ತಕ. ಎರಡು ತಿಂಗಳ ರಜೆಗೆ ಅಜ್ಜನ ಮನೆಗೆ ಬಂದ ಮಗುವಿಗೆ ಈ ಪ್ರಶ್ನೆಯೇ ಏಳುವುದಿಲ್ಲ, ಅದು ಇನ್ನೂ ಅಲ್ಲಿನ ನಿವಾಸಿ.

ಒಟ್ಟಾವಾ, ಟೊರೊಂಟೊ ಕಡೆಯಿಂದ ಬಂದವರಾದರೆ ಅಲ್ಲಿನ ಗ್ರಂಥಾಲಯದ ಕಾರ್ಡಿನಿಂದ ಪುಸ್ತಕ ಎರವಲು ಪಡೆಯುವ ಲಿಬ್ಬಿ ಆಪ್. ಬಳಕೆಯ ಸುಲಭದಲ್ಲಿ ಇದಕ್ಕೆ ಎದುರಿಲ್ಲ: ಮೇಲಿನ ಚೀಟಿಯ ಕಾಟ ಇಲ್ಲ, ಎರವಲು ಪಡೆದ ಆಪ್‌ನಲ್ಲೇ ಓದು, ಅವಧಿ ಮುಗಿದರೆ ತಾನಾಗಿ ಹಿಂದಿರುಗುತ್ತದೆ. ಕೊರತೆ ಇರುವುದು ಸಂಗ್ರಹದಲ್ಲಿ. ಇಂಗ್ಲಿಷ್ ಪುಸ್ತಕಗಳ ರಾಶಿಯ ನಡುವೆ ಫ್ರೆಂಚ್ ಮುಳುಗಿ ಹೋಗಿರುತ್ತದೆ. ಆದ್ದರಿಂದ ಮೊದಲ ದಿನವೇ ಹುಡುಕಾಟದ ಆದ್ಯತೆಯಲ್ಲಿ ಭಾಷೆ ಫ್ರೆಂಚ್, ಓದುಗರು ಮಕ್ಕಳು ಎಂದು ಎರಡೂ ಕಟ್ಟು ಹಾಕಿಡಿ. ಹಾಗೆ ಮಾಡದಿದ್ದರೆ ಮಗು ಇಂಗ್ಲಿಷ್ ಚಿತ್ರಕಥೆಯ ಕಡೆ ಜಾರುವುದು ಖಂಡಿತ.

ಲಿಬ್ಬಿ ಸಾಮಾನ್ಯವಾಗಿ ವೈ-ಫೈ ಇದ್ದಾಗ ಮಾತ್ರ ಪುಸ್ತಕವನ್ನು ತಾನಾಗಿ ಇಳಿಸುತ್ತದೆ. ಮೊಬೈಲ್ ಡೇಟಾದಲ್ಲಿ ಎರವಲು ಪಡೆದರೆ ಹೆಸರು ಕಪಾಟಿನಲ್ಲಿ ಕಾಣುತ್ತದೆ, ಒಳಗೆ ಪುಸ್ತಕ ಇರುವುದಿಲ್ಲ. ಒಂದೋ ಸೆಟ್ಟಿಂಗ್‌ನಲ್ಲಿ ಡೌನ್‌ಲೋಡ್ ನಿಯಮ ಬದಲಿಸಿ, ಇಲ್ಲವೇ ಇನ್ನೊಂದು ಫೋನಿನ ಹಾಟ್‌ಸ್ಪಾಟ್ ಕೊಡಿ, ಟ್ಯಾಬ್ಲೆಟ್‌ಗೆ ಅದೂ ವೈ-ಫೈಯೇ. ಕಾಯ್ದಿರಿಸಿದ ಪುಸ್ತಕದ ಸರದಿ ಬಂದಾಗ ತೆಗೆದುಕೊಳ್ಳಲು ಮೂರು ದಿನದ ಗಡುವಿರುತ್ತದೆ. ಗಾಳಿಮಳೆಗೆ ಲೈನು ಬಿದ್ದ ವಾರದಲ್ಲಿ ಸರದಿ ತಪ್ಪುವುದು ಹೀಗೇ. ಆಷಾಢದಲ್ಲಿ ಕಾಯ್ದಿರಿಸಿದವುಗಳನ್ನು ತಡವಾಗಿ ಕೊಡುವಂತೆ ಮುಂದೂಡಿಟ್ಟರೆ ಸರದಿ ಉಳಿಯುತ್ತದೆ.

ಹೊರಡುವ ಮೊದಲು

ಫ್ರಾನ್ಸ್ ಆಗಲಿ ಕೆನಡಾ ಆಗಲಿ, ಮಾಡಬೇಕಾದದ್ದು ಒಂದೇ. ಕಾರ್ಡಿನ ಅವಧಿ ಯಾವಾಗ ಮುಗಿಯುತ್ತದೆ ನೋಡಿ, ಹೊರಡುವ ಮುಂಚಿನ ವಾರ ಕೌಂಟರಿಗೆ ಹೋಗಿ ನವೀಕರಿಸಿ, ಊರು ಬಿಟ್ಟ ಮೇಲೆ ಬಳಸಬಹುದೇ ಎಂದು ಅಲ್ಲೇ ಬಾಯಿಬಿಟ್ಟು ಕೇಳಿ. ಮಗುವಿನ ಹೆಸರಿನಲ್ಲಿ ಬೇರೆ ಕಾರ್ಡ್ ಮಾಡಿಸಿ. ಖಾತೆಯಲ್ಲಿರುವ ವಿದೇಶಿ ಮೊಬೈಲ್ ನಂಬರ್ ತೆಗೆದು ಇ-ಮೇಲ್ ಹಾಕಿ. ಆ ಸಿಮ್ ಸತ್ತ ಮೇಲೆ ಪಾಸ್‌ವರ್ಡ್ ಮರೆತರೆ ಒಟಿಪಿ ಬರಲು ಜಾಗವೇ ಇರುವುದಿಲ್ಲ. ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ, ಲಾಗಿನ್‌ಗೆ ಬೇಕಾದ ಉದ್ದದ ನಂಬರ್ ಬಾರ್‌ಕೋಡ್ ಕೆಳಗಿರುತ್ತದೆ.

ಸ್ಟೋರಿವೀವರ್

ಕಾರ್ಡೂ ಇಲ್ಲ, ವಿಳಾಸವೂ ಇಲ್ಲ ಎನ್ನುವವರಿಗೆ ಇದು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ತಾಣ. ಎಲ್ಲ ಕತೆಗಳೂ ಉಚಿತ, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ, ಇಳಿಸಿಕೊಂಡು ಮುದ್ರಿಸಲೂ ಅಡ್ಡಿಯಿಲ್ಲ. ಭಾಷೆ ಫ್ರೆಂಚ್ ಎಂದು ಆರಿಸಿ, ಆಮೇಲೆ ಓದಿನ ಹಂತ ಆರಿಸಿ. ಹಂತ ನಾಲ್ಕಿವೆ: ಮೊದಲನೆಯದು 250 ಪದಗಳವರೆಗೆ, ಎರಡನೆಯದು 600ರವರೆಗೆ, ಮೂರನೆಯದು 1500ರವರೆಗೆ, ನಾಲ್ಕನೆಯದು ಅದಕ್ಕೂ ಮೇಲೆ. ಫ್ರಾನ್ಸಿನಲ್ಲಿ ಸೆ-ಪೆ, ಅಂದರೆ ಆರು ವರ್ಷದ ಮೊದಲ ತರಗತಿ ಮುಗಿಸಿದ ಮಗುವಿಗೆ ಎರಡನೆಯ ಹಂತದಿಂದ ಶುರುಮಾಡಿ.

ಇದರ ನಿಜವಾದ ಬಲ ಈ ಪಟ್ಟಿಯ ಬೇರೆ ಯಾವುದರಲ್ಲೂ ಇಲ್ಲದ್ದು: ಅದೇ ಕತೆ, ಅದೇ ಚಿತ್ರ, ಕನ್ನಡದಲ್ಲೂ ಫ್ರೆಂಚಿನಲ್ಲೂ. ಕತೆಯ ಪುಟದಲ್ಲಿ ಅದು ಬೇರೆ ಯಾವ ಭಾಷೆಗಳಲ್ಲಿದೆ ಎಂಬ ಪಟ್ಟಿ ಇರುತ್ತದೆ. ಎರಡನ್ನೂ ಪಿಡಿಎಫ್ ಇಳಿಸಿ. ಮಗು ಫ್ರೆಂಚ್ ಪುಟ ಗಟ್ಟಿಯಾಗಿ ಓದಲಿ, ಪಕ್ಕದಲ್ಲಿ ಕೂತ ಅಜ್ಜಿ ಕನ್ನಡ ಪುಟ ಹಿಡಿದಿರಲಿ. ಒಂದು ಪುಟ ಮುಗಿದ ಕೂಡಲೇ ಅಜ್ಜಿ ಕನ್ನಡದಲ್ಲಿ ಓದಬೇಕು, ಆಮೇಲೆ ಚಿತ್ರದಲ್ಲಿರುವ ಮಾವಿನಕಾಯಿಗೋ ಕೊಡೆಗೋ ಬೆರಳಿಟ್ಟು ಫ್ರೆಂಚಿನಲ್ಲಿ ಏನೆನ್ನುತ್ತಾರೆ ಎಂದು ಮಗುವನ್ನೇ ಕೇಳಬೇಕು. ಹೇಳಿಕೊಡುವ ಜಾಗದಲ್ಲಿ ಮಗು ಕೂರುವುದರಿಂದ ಓದು ತಾನಾಗಿ ಮುಂದೆ ಹೋಗುತ್ತದೆ. ಫ್ರೆಂಚ್ ಬಾರದ ಮನೆಯವರೂ ಮಗುವಿನ ಓದಿನಲ್ಲಿ ಪಾಲುಗೊಳ್ಳುವ ಇನ್ನೊಂದು ದಾರಿ ನಮಗೆ ಸಿಕ್ಕಿಲ್ಲ.

ದೋಷವೂ ಇದೆ. ಇಲ್ಲಿ ಯಾರು ಬೇಕಾದರೂ ಅನುವಾದಿಸಬಹುದಾದ್ದರಿಂದ ಕೆಲವು ಫ್ರೆಂಚ್ ಕತೆಗಳಲ್ಲಿ ಅಕ್ಷರದ ಮೇಲಿನ ಗುರುತು ಬಿಟ್ಟುಹೋಗಿರುತ್ತದೆ, ಲಿಂಗ ತಪ್ಪಿರುತ್ತದೆ. ಕಾಗುಣಿತ ಗಟ್ಟಿಯಾಗುತ್ತಿರುವ ವಯಸ್ಸಿನಲ್ಲಿ ಇದು ಸಣ್ಣದಲ್ಲ. ದೊಡ್ಡವರಲ್ಲಿ ಫ್ರೆಂಚ್ ಬಲ್ಲವರು ಮೊದಲೆರಡು ಪುಟ ನೋಡಿ ಕೊಡುವುದು ಒಳ್ಳೆಯದು. ಒಂಬತ್ತು-ಹತ್ತು ವರ್ಷಕ್ಕೆ ಬೇಕಾದ ನೂರೈವತ್ತು ಪುಟದ ಕಾದಂಬರಿಯನ್ನಂತೂ ಇಲ್ಲಿ ಹುಡುಕಬೇಡಿ.

ಮುದ್ರಿಸುವವರು ಹೆಚ್ಚು ಸ್ಪಷ್ಟತೆಯ ಪಿಡಿಎಫ್ ಇಳಿಸಿ ಝೆರಾಕ್ಸ್ ಅಂಗಡಿಗೆ ಒಯ್ಯಿರಿ, ಪರದೆಗೆ ಮಾತ್ರವಾದರೆ ಕಡಿಮೆಯದು ಸಾಕು. ಕೊನೆಯ ಪುಟದಲ್ಲಿ ಬರೆದವರ, ಚಿತ್ರ ಮಾಡಿದವರ, ಅನುವಾದಿಸಿದವರ ಹೆಸರಿರುತ್ತದೆ. ಅದನ್ನು ಬಿಡದೆ ಮುದ್ರಿಸಿ, ಪರವಾನಗಿ ಕೇಳುವುದು ಅಷ್ಟೇ.

ಅಲಿಯಾನ್ಸ್ ಫ್ರಾನ್ಸೇಸ್ ಮತ್ತು ಕ್ಯುಲ್ತ್ಯುರ್‌ತೆಕ್

ಫ್ರೆಂಚ್ ಸರ್ಕಾರದ ಅಂಗವಾದ ಆನ್ಸ್ತಿತ್ಯು ಫ್ರಾನ್ಸೇ ನಡೆಸುವ ಡಿಜಿಟಲ್ ಗ್ರಂಥಾಲಯ ಕ್ಯುಲ್ತ್ಯುರ್‌ತೆಕ್. ಫ್ರಾನ್ಸಿನ ಹೊರಗಿರುವವರಿಗಾಗಿಯೇ ಮಾಡಿದ್ದು, ಹಾಗಾಗಿ ವಿಳಾಸದ ರಗಳೆ ಇಲ್ಲ. ಪ್ರವೇಶ ಸಿಗುವುದು ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾನ್ಸೇಸ್‌ನಂಥ ಕೇಂದ್ರದ ಸದಸ್ಯತ್ವದ ಮೂಲಕ. ನಮಗೆ ಬೆಂಗಳೂರಿನದು ಪರಿಚಿತ, ಕಾರವಾರದವರಿಗೆ ಪಣಜಿಯದು ಹತ್ತಿರ. ದುಡ್ಡು ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ: ಈ ಸದಸ್ಯತ್ವದಲ್ಲಿ ಕ್ಯುಲ್ತ್ಯುರ್‌ತೆಕ್ ಸೇರಿದೆಯೇ, ಮಗುವಿನ ಹೆಸರಿಗೆ ಖಾತೆ ಕೊಡುತ್ತೀರಾ.

ನಿಯತಕಾಲಿಕ, ಚಿತ್ರಕಥೆ, ಸಂಗೀತ ಒಂದೇ ಕಡೆ ಸಿಗುವುದು ಇದರ ಗುಣ. ಆದರೆ ಹೆಚ್ಚಿನದು ಬ್ರೌಸರಿನಲ್ಲೇ ಓದುವಂಥದ್ದು. ಕಾರವಾರ, ಕುಮಟಾ ಪೇಟೆಯಲ್ಲಿ ಫೈಬರ್ ಇರುವ ಮನೆಗೆ ಸರಿ. ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾದ ಸಿದ್ದಾಪುರ, ಯಲ್ಲಾಪುರದ ಒಳಊರುಗಳಿಗೆ ದಂಡ. ಮಗು ಅಲಿಯಾನ್ಸ್‌ನ ಆನ್‌ಲೈನ್ ತರಗತಿಗೆ ಸೇರಿದ್ದು ದೆಲ್ಫ್ ಪ್ರಿಮ್ ಎಂಬ ಮಕ್ಕಳ ಫ್ರೆಂಚ್ ಪರೀಕ್ಷೆಗೆ ಕೂರುವುದಿದ್ದರೆ ಸದಸ್ಯತ್ವಕ್ಕೆ ಅರ್ಥವಿದೆ. ಬರೀ ಪುಸ್ತಕಕ್ಕಾಗಿ ಕಟ್ಟುವುದು ನಮಗೆ ಒಪ್ಪಿಗೆಯಿಲ್ಲ.

ಗಾಲಿಕಾ, ವಿಕಿಸೋರ್ಸ್

ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ಸಂಗ್ರಹ ಗಾಲಿಕಾ 1997ರಿಂದ ಇದೆ, ಎಲ್ಲರಿಗೂ ತೆರೆದಿದೆ. ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳ ಪುಟಗಳನ್ನು ಅಲ್ಲಿ ಚಿತ್ರವಾಗಿ ಸ್ಕ್ಯಾನ್ ಮಾಡಿರುವುದರಿಂದ ಕಡತ ಭಾರ, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಾಚೆ ಹೋಗುತ್ತದೆ. ಅದೇ ಪುಸ್ತಕ, ಹಳೆಯ ಪುಸ್ತಕಗಳನ್ನು ಪಠ್ಯವಾಗಿ ಕೊಡುವ ಉಚಿತ ತಾಣ ಫ್ರೆಂಚ್ ವಿಕಿಸೋರ್ಸ್‌ನಲ್ಲಿ ಇದ್ದರೆ ಅಲ್ಲಿಂದ ಇ-ಪಬ್ ಇಳಿಸಿ, ಹಗುರ. 1905ರಲ್ಲಿ ತೀರಿಕೊಂಡ ಜೂಲ್ ವೆರ್ನ್‌ನ ಕಾದಂಬರಿಗಳಂಥವು ಸಿಗುವುದು ಇಲ್ಲಿ. ಆದರೆ ಈ ಪುಸ್ತಕಗಳು ಹೆಚ್ಚಾಗಿ ನಡೆಯುವುದು ಪಾಸೆ ಸಾಂಪ್ಲ್ ಎಂಬ ಬರಹದ ಭೂತಕಾಲದಲ್ಲಿ. ಫ್ರಾನ್ಸಿನ ಶಾಲೆಗಳಲ್ಲಿ ಅದನ್ನು ಒಂಬತ್ತು-ಹತ್ತರ ವಯಸ್ಸಿನಲ್ಲಿ ಕಲಿಸಲು ಹಿಡಿಯುತ್ತಾರೆ. ಅದಕ್ಕೆ ಮೊದಲೇ ಮರಳಿ ಬಂದ ಮಗುವಿನ ಕೈಗೆ ಕೊಟ್ಟರೆ ಮೊದಲ ಪುಟದಲ್ಲೇ ನಿಲ್ಲುತ್ತದೆ.

ಆ ಗೋಡೆ ದಾಟಲು ಕಿವಿ ಸಹಾಯ ಮಾಡುತ್ತದೆ. ಲಿತೆರಾತ್ಯುರ್ ಓಡಿಯೋ ತಾಣದಲ್ಲಿ ಸ್ವಯಂಸೇವಕರು ಓದಿದ ಸಾವಿರಾರು ಕೃತಿಗಳ ಎಂಪಿ3 ಉಚಿತವಾಗಿ ಸಿಗುತ್ತದೆ. ಕೇಳುತ್ತ ವಿಕಿಸೋರ್ಸ್ ಪಠ್ಯದ ಮೇಲೆ ಬೆರಳಾಡಿಸಲಿ, ಒಂದು ಕೂತಕ್ಕೆ ಹತ್ತು ನಿಮಿಷ ಸಾಕು. ಸೆಕೆಂಡಿಗೆ 64 ಕಿಲೋಬಿಟ್‌ನ ಧ್ವನಿ ಒಂದು ಗಂಟೆಗೆ ಸುಮಾರು 29 ಎಂಬಿ ಆಗುತ್ತದೆ, 128 ಆದರೆ ಅದರ ಎರಡು ಪಟ್ಟು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರುವ ಫೋನಿಗೂ ಇದು ಹೊರೆಯಲ್ಲ.

ಮಳೆ ಹಿಡಿಯುವ ಮುಂಚೆ

ಘಟ್ಟದ ಮೇಲಿನವರು ಮೇ ಕೊನೆಯೊಳಗೆ ಟ್ಯಾಬ್ಲೆಟ್ ತುಂಬಿಸಿಕೊಳ್ಳಿ. ಸ್ಟೋರಿವೀವರ್‌ನ ಪಿಡಿಎಫ್, ವಿಕಿಸೋರ್ಸ್‌ನ ಇ-ಪಬ್, ಎಂಪಿ3 ಇವು ಮೂರಕ್ಕೂ ಅವಧಿ ಇಲ್ಲ, ಸೆಪ್ಟೆಂಬರ್ ತನಕ ಇದ್ದಲ್ಲೇ ಇರುತ್ತವೆ. ಗ್ರಂಥಾಲಯದ ಎರವಲುಗಳನ್ನು ಮಾತ್ರ ಪೇಟೆಗೆ ಹೋದಾಗ, ಎರಡು ಮೂರರಂತೆ ತನ್ನಿ. ಇಳಿಸಿದ ಪ್ರತಿ ಪುಸ್ತಕವನ್ನೂ ಏರೋಪ್ಲೇನ್ ಮೋಡ್ ಹಾಕಿ ಅಲ್ಲೇ ಒಮ್ಮೆ ತೆರೆದು, ಕೊನೆಯ ಪುಟದವರೆಗೆ ತಿರುವಿ ನೋಡಿ. ತೆರೆಯದಿದ್ದರೆ ನೆಟ್ ಇರುವ ಜಾಗದಲ್ಲೇ ಸರಿಮಾಡಿಕೊಳ್ಳಬಹುದು. ಓದಿ ಮುಗಿದವನ್ನು ಮುಂದಿನ ಸಲ ಪೇಟೆಗೆ ಬಂದಾಗ ಆಪ್‌ನಿಂದಲೇ ಮರಳಿಸಿ. ನಿಮ್ಮ ಮಿತಿಯಲ್ಲಿ ಅಷ್ಟು ಜಾಗ ಆಗುತ್ತದೆ, ಸರದಿಯಲ್ಲಿರುವ ಇನ್ನೊಂದು ಮಗುವಿಗೆ ಪುಸ್ತಕ ಬೇಗ ಸಿಗುತ್ತದೆ.