ಮುಖಪುಟಕ್ಕೆ ಕೃತಕ ಬುದ್ಧಿಮತ್ತೆಯ ಸೇವೆ: ಒಂದು ತಿಂಗಳು ಬಳಸಿದ ಮೇಲೆ

ನನ್ನ ಕಥಾಸಂಕಲನದ ಮುಖಪುಟಕ್ಕಾಗಿ, ಬರೆದು ಕೊಟ್ಟ ವಿವರಣೆಯಿಂದಲೇ ಚಿತ್ರ ರಚಿಸುವ ಕೃತಕ ಬುದ್ಧಿಮತ್ತೆಯ ಸೇವೆಯೊಂದಕ್ಕೆ ಒಂದು ತಿಂಗಳ ಚಂದಾ ಕಟ್ಟಿದ್ದೆ. ಹಿತ್ತಲ ಬಾವಿಯಲ್ಲಿ ನೀರು ಸೇದುತ್ತಿರುವ ಅಜ್ಜಿಯ ಚಿತ್ರ ಬೇಕೆಂದಾಗ ನಿಮಿಷದೊಳಗೆ ನಾಲ್ಕು ಚಿತ್ರಗಳು ಬಂದವು. ಸಂಜೆಯ ಬೆಳಕು, ಪಾಚಿಗಟ್ಟಿದ ಕಲ್ಲು, ಸೀರೆಯ ನೆರಿಗೆ ಎಲ್ಲವೂ ಬೆರಗು ಹುಟ್ಟಿಸುವಂತಿದ್ದವು. ಆದರೆ ಹಗ್ಗವು ರಾಟೆಯ ಮೇಲೆ ಹಾಯದೆ ನೇರವಾಗಿ ಆಕಾಶದಿಂದ ಇಳಿದಿತ್ತು, ಪುಸ್ತಕದ ಹೆಸರಿನ ಒತ್ತಕ್ಷರಗಳು ಯಾವ ಲಿಪಿಗೂ ಸೇರದ ಗೀಚುಗಳಾಗಿದ್ದವು. ಅಕ್ಷರಗಳನ್ನಾದರೆ ಡಿಟಿಪಿಯವರು ಕೂರಿಸಿಕೊಟ್ಟಾರು. ಹಗ್ಗ ಮಾತ್ರ ಹತ್ತು ಬಾರಿ ತಿದ್ದಿ ಕೇಳಿದರೂ ಸರಿಹೋಗಲಿಲ್ಲ.

ಹಿಂದಿನ ಪುಸ್ತಕಕ್ಕೆ ಚಿತ್ರ ಬರೆದ ಕಲಾವಿದರು ಹಸ್ತಪ್ರತಿಯನ್ನು ಪೂರ್ತಿ ಓದಿ, ನಾನು ಸೂಚಿಸಿದ್ದ ದೃಶ್ಯವನ್ನು ಬಿಟ್ಟು, ಕಥೆಯ ಮೂಲೆಯಲ್ಲೆಲ್ಲೋ ಇದ್ದ ತೂತುಬಿದ್ದ ಕೊಡವೊಂದನ್ನು ಆರಿಸಿಕೊಂಡಿದ್ದರು. ಈ ಸೇವೆ ಕೇಳಿದ್ದನ್ನಷ್ಟೇ ಕೊಡುತ್ತದೆ. ಚಂದಾ ಹಣವು ಅವರ ಸಂಭಾವನೆಯ ಕಾಲುಭಾಗವೂ ಅಲ್ಲವೆಂಬುದೇ, ಒಪ್ಪಿಕೊಳ್ಳಲು ಸಂಕೋಚವಾದರೂ, ನನ್ನನ್ನು ಸೆಳೆದ ಕಾರಣ. ಸಣ್ಣ ಪ್ರಕಾಶಕರೆಲ್ಲ ಹೀಗೆಯೇ ಲೆಕ್ಕ ಹಾಕತೊಡಗಿದರೆ, ಮುಖಪುಟ, ಆಮಂತ್ರಣ ಪತ್ರಿಕೆಗಳಂಥ ಕೆಲಸಗಳಲ್ಲೇ ಕೈ ಪಳಗಿಸಿಕೊಳ್ಳುವ ಹೊಸಬರು ಇನ್ನೆಲ್ಲಿ ಕಲಿಯಬೇಕು? ಹಾಲಿವುಡ್‌ನ ಚಿತ್ರಕಥೆಗಾರರು 2023ರಲ್ಲಿ 148 ದಿನ ಮುಷ್ಕರ ಹೂಡಿ, ಕೃತಕ ಬುದ್ಧಿಮತ್ತೆ ಬರೆದದ್ದನ್ನು ಲೇಖಕರ ಬರಹವೆಂದು ಪರಿಗಣಿಸುವಂತಿಲ್ಲವೆಂಬ ಷರತ್ತನ್ನು ಒಪ್ಪಂದದಲ್ಲಿ ಸೇರಿಸಿಕೊಂಡರು. ಅವರ ಬೆನ್ನಿಗೆ ಸಂಘವಿತ್ತು. ನಮ್ಮ ಮುಖಪುಟ ಕಲಾವಿದರು ಒಬ್ಬೊಬ್ಬರಾಗಿ ದುಡಿಯುವವರು.

ಮನಸ್ಸಿನಲ್ಲಿರುವುದನ್ನು ಇನ್ನೊಬ್ಬರಿಗೆ ತೋರಿಸುವ ಕರಡಾಗಿ ಇದು ಉಪಯುಕ್ತವೇ. ಆದರೂ ಚಂದಾ ನವೀಕರಿಸಿಲ್ಲ. ಆ ಬಾವಿಯ ಚಿತ್ರವನ್ನು ಹಳೆಯ ಕಲಾವಿದರಿಗೆ ಕಳುಹಿಸಿ, ಹೊಸದನ್ನು ಬರೆದುಕೊಡುವಂತೆ ಕೇಳಿದ್ದೇನೆ.